ಉರುಳುವ ವ್ಯಾಗನ್ನುಗಳ ವೇಗನಿಯಂತ್ರಣ

ಸರಕು ರೈಲುಗಳಲ್ಲಿ ಎರಡು ಬಗೆಯುಂಟು. ಮೊದಲನೆಯ ಬಗೆಯದರಲ್ಲಿ ಎಂಜಿನ್ನಿನ ಹಿಂದಿನ ವ್ಯಾಗನ್ನಿನಿಂದ ಕಡೆಯ ವ್ಯಾಗನ್ನಿನವರೆಗೆ ಸರಕೂ ಒಂದೇ, ಗುರಿಯೂ ಒಂದೇ. ಬಳ್ಳಾರಿ-ಹೊಸಪೇಟೆಯ ಕಡೆಯಿಂದ ಕಬ್ಬಿಣದ ಅದಿರನ್ನು ತುಂಬಿಕೊಂಡು ಹೊರಡುವ ರೈಲು ಈ ಬಗೆಯದು. ಎರಡನೆಯ ಬಗೆಯದರಲ್ಲಿ ಒಂದು ವ್ಯಾಗನ್ ಒಂದೂರಿಗೆ, ಅದರ ಪಕ್ಕದ್ದು ಮತ್ತೊಂದೂರಿಗೆ ಹೋಗಬೇಕಾದುದು. ಇಂಥ ರೈಲನ್ನು ದಾರಿಯ ನಡುವೆ ಯಾವುದಾದರೊಂದು ಸಂಧಿಸ್ಥಾನದಲ್ಲಿ ಬಿಡಿಸಿ, ವ್ಯಾಗನ್ನುಗಳನ್ನು ಅವುಗಳ ಗುರಿಗೆ ತಕ್ಕಂತೆ ವಿಂಗಡಿಸಿ, ಹೊಸ ರೈಲುಗಳಾಗಿ ಜೋಡಿಸಬೇಕಾಗುತ್ತದೆ. ಅಂಚೆಯ ಕಚೇರಿಯಲ್ಲಿ ಕಾಗದಗಳನ್ನು ಊರೂರಿನ ಖಾನೆಗಳಿಗೆ ಹಾಕುವ ಕೆಲಸವನ್ನು ಇದು ಹೋಲುತ್ತದೆ. ಆದರೆ ಇಲ್ಲಿ ಒಂದೊಂದು ಕಾಗದವೂ ಇಪ್ಪತ್ತರಿಂದ ಎಂಬತ್ತು ಟನ್ ತೂಗುತ್ತದೆ. ಈ ಕೆಲಸಕ್ಕಾಗಿಯೇ ಏರ್ಪಟ್ಟ ಸ್ಥಳಕ್ಕೆ ಮಾರ್ಷಲಿಂಗ್ ಯಾರ್ಡ್ ಎಂದು ಹೆಸರು.

ದೊಡ್ಡ ಯಾರ್ಡುಗಳಲ್ಲಿ ವ್ಯಾಗನ್ನುಗಳನ್ನು ವಿಂಗಡಿಸುವುದು ಎಂಜಿನ್ನಲ್ಲ, ಭೂಮಿಯ ಆಕರ್ಷಣೆ. ಒಂದು ದಿಬ್ಬದ ನೆತ್ತಿಯಿಂದ ಬಿಟ್ಟ ವ್ಯಾಗನ್ ಎಂಜಿನ್ನಿಲ್ಲದೆ, ಚಾಲಕನಿಲ್ಲದೆ ತಾನಾಗಿ ಉರುಳಿಹೋಗಿ ತನ್ನ ಸಾಲನ್ನು ಸೇರುತ್ತದೆ. ಅಲ್ಲಿ ಮೊದಲೇ ನಿಂತಿರುವ ವ್ಯಾಗನ್ನನ್ನು ಅದು ಮೆಲ್ಲನೆ ಮುಟ್ಟಿ ಕೂಡಿಕೊಳ್ಳಬೇಕು. ವೇಗ ಹೆಚ್ಚಾದರೆ ಸರಕು ಒಡೆಯುತ್ತದೆ, ವ್ಯಾಗನ್ ಜಖಂ ಆಗುತ್ತದೆ, ಕೆಲವೊಮ್ಮೆ ಮನುಷ್ಯನ ಪ್ರಾಣಕ್ಕೂ ಅಪಾಯವುಂಟಾಗುತ್ತದೆ. ವೇಗ ಕಡಿಮೆಯಾದರೆ ವ್ಯಾಗನ್ ನಡುದಾರಿಯಲ್ಲಿ ನಿಂತು ಹಿಂದೆ ಬರುವುದಕ್ಕೆ ಅಡ್ಡವಾಗುತ್ತದೆ. ಬಿಟ್ಟ ಬಳಿಕ ಹಿಡಿಯುವವರಿಲ್ಲದ ಈ ವಸ್ತುವಿನ ವೇಗವನ್ನು ಅಳತೆಗೆ ತರುವುದು ಹೇಗೆ? ಪ್ರಕೃತ ಲೇಖನದ ವಿಷಯವಿದು. ಇದರಲ್ಲಿ ಬರುವ ಭೌತಶಾಸ್ತ್ರ ನಮ್ಮ ಮೊದಲ ವರ್ಷದ ತರಗತಿಗಳಲ್ಲಿ ಕಲಿಸುವಷ್ಟೇ. ಆದರೂ ಅದನ್ನು ಕಾರ್ಯದಲ್ಲಿ ಸಾಧಿಸಲು ಎಂಜಿನಿಯರುಗಳಿಗೆ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಕಾರಣವೇನೆಂಬುದು ಮುಂದೆ ತಿಳಿದುಬರುತ್ತದೆ.

೧. ದಿಬ್ಬದ ಯಾರ್ಡಿನ ರಚನೆ

ಇಳಿಜಾರಿನ ನೆರವಿನಿಂದ ವ್ಯಾಗನ್ನುಗಳನ್ನು ವಿಂಗಡಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ್ದು. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಎಜ್ ಹಿಲ್ ಯಾರ್ಡಿನಲ್ಲಿ ೧೮೭೦ರ ದಶಕದಲ್ಲಿಯೇ ಇದು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದಿತು. ಅಲ್ಲಿ ನೆಲವೇ ಇಳುಕಲಾಗಿತ್ತು. ಸಮತಟ್ಟಾದ ನೆಲದಲ್ಲಿ ಯಾರ್ಡನ್ನು ಕಟ್ಟುವವರು ಇಳಿಜಾರನ್ನು ತಾವೇ ನಿರ್ಮಿಸಬೇಕಾಯಿತು. ಹೀಗೆ ಮಣ್ಣು ತುಂಬಿ ಎತ್ತರಿಸಿದ ದಿಬ್ಬಕ್ಕೆ 'ಹಂಪ್' ಎಂದು ಹೆಸರಾಯಿತು.

ಬಂದ ರೈಲು ಮೊದಲು ದಿಬ್ಬದ ಹಿಂದಿನ ಸಾಲುಗಳಲ್ಲಿ ನಿಲ್ಲುತ್ತದೆ. ಅದರ ಎಂಜಿನ್ನನ್ನು ಬಿಡಿಸಿ, ಬೇರೊಂದು ಶಂಟಿಂಗ್ ಎಂಜಿನ್ ಹಿಂದಿನಿಂದ ರೈಲನ್ನು ನಿಧಾನವಾಗಿ, ಮನುಷ್ಯನ ನಡಿಗೆಯ ವೇಗದಲ್ಲಿ, ದಿಬ್ಬದ ಮೇಲಕ್ಕೆ ತಳ್ಳುತ್ತದೆ. ನೆತ್ತಿಯ ಬಳಿ ವ್ಯಾಗನ್ನುಗಳ ನಡುವಣ ಕೊಂಡಿಯನ್ನು ಕಳಚುತ್ತಾರೆ. ನೆತ್ತಿಯನ್ನು ದಾಟಿದ ವ್ಯಾಗನ್ ಉಳಿದವುಗಳಿಂದ ಬೇರ್ಪಟ್ಟು ಇಳಿಯತೊಡಗುತ್ತದೆ. ಕೆಳಗೆ ಒಂದೇ ದಾರಿ ಎರಡಾಗಿ, ಎರಡು ನಾಲ್ಕಾಗಿ, ಮರದ ಕೊಂಬೆಗಳಂತೆ ಕವಲೊಡೆಯುತ್ತದೆ. ಕವಲುಗಳ ಪಾಯಿಂಟುಗಳನ್ನು ತಕ್ಕ ಸಮಯದಲ್ಲಿ ತಿರುಗಿಸಿದರೆ ವ್ಯಾಗನ್ ತನ್ನ ಸಾಲಿಗೆ ಹೋಗುತ್ತದೆ. ಜರ್ಮನಿಯ ಹ್ಯಾಂಬರ್ಗ್ ಬಳಿ ೧೯೭೭ರಲ್ಲಿ ತೆರೆದ ಮಾಶೆನ್ ಯಾರ್ಡಿನಲ್ಲಿ ಹೀಗೆ ವಿಂಗಡಿಸುವ ಸಾಲುಗಳು ನೂರಕ್ಕಿಂತ ಹೆಚ್ಚು. ಅಮೆರಿಕದ ನೆಬ್ರಾಸ್ಕ ಸಂಸ್ಥಾನದ ನಾರ್ತ್ ಪ್ಲ್ಯಾಟಿನಲ್ಲಿರುವ ಬೇಲಿ ಯಾರ್ಡ್ ಸುಮಾರು ೧೩ ಕಿಲೊಮೀಟರ್ ಉದ್ದವಾಗಿದ್ದು ಎರಡು ದಿಬ್ಬಗಳನ್ನು ಹೊಂದಿದೆ. ಅವುಗಳಲ್ಲಿ ಒಂದರ ಎತ್ತರ ೩೪ ಅಡಿ.

ವ್ಯಾಗನ್ನಿಗೆ ತನ್ನದೇ ಆದ ಬ್ರೇಕ್ ಇಲ್ಲವೇ, ಅದನ್ನೇಕೆ ಬಳಸಬಾರದು ಎಂದು ವಾಚಕರು ಕೇಳಬಹುದು. ರೈಲಿನ ಬ್ರೇಕುಗಳನ್ನೆಲ್ಲ ಎಂಜಿನ್ನಿನಿಂದ ಹಿಂದಕ್ಕೆ ಹರಿಯುವ ಒಂದೇ ಗಾಳಿಕೊಳವೆ ಆಳುತ್ತದೆ. ಕೊಳವೆಯ ಒತ್ತಡ ಇಳಿದರೆ ಬ್ರೇಕ್ ತಾನಾಗಿ ಬಿಗಿಯುವಂತೆ ಅದನ್ನು ಯೋಜಿಸಲಾಗಿದೆ. ರೈಲು ನಡುವೆ ತುಂಡಾದರೆ ಎರಡು ಭಾಗಗಳೂ ನಿಲ್ಲಬೇಕೆಂಬುದೇ ಇದರ ಉದ್ದೇಶ. ಆದುದರಿಂದ ಬಿಡಿ ವ್ಯಾಗನ್ ಉರುಳಬೇಕಾದರೆ ಅದರ ಬ್ರೇಕಿನಲ್ಲಿ ಉಳಿದ ಗಾಳಿಯನ್ನು ಮೊದಲೇ ಹೊರಕ್ಕೆ ಬಿಟ್ಟು ಬ್ರೇಕನ್ನು ಸಡಿಲಿಸಬೇಕು. ರೈಲಿನಲ್ಲಿದ್ದಾಗ ವಿಧೇಯವಾಗಿದ್ದ ವ್ಯಾಗನ್ ದಿಬ್ಬದ ಮೇಲೆ ಹೀಗೆ ಕಡಿವಾಣವಿಲ್ಲದ ಕುದುರೆಯಾಗುತ್ತದೆ.

೨. ಎತ್ತರದ ಲೆಕ್ಕ

ದಿಬ್ಬದ ನೆತ್ತಿಯಲ್ಲಿರುವ ವ್ಯಾಗನ್ನಿಗೆ ಸ್ಥಾನಶಕ್ತಿಯುಂಟು. ಇಳಿಯುವಾಗ ಇದು ಚಲನಶಕ್ತಿಯಾಗಿ ಮಾರ್ಪಡುತ್ತದೆ. ಒಂದಂಶ ಘರ್ಷಣೆಯಲ್ಲಿ ವ್ಯಯವಾಗುತ್ತದೆ. ಯಾರ್ಡಿನ ಎಂಜಿನಿಯರುಗಳು ಈ ಶಕ್ತಿಗಳನ್ನೆಲ್ಲ ಎತ್ತರದ ರೂಪದಲ್ಲಿಯೇ ಲೆಕ್ಕ ಹಾಕುತ್ತಾರೆ. ವೇಗದ ವರ್ಗವನ್ನು ಗುರುತ್ವದ ಉತ್ಕರ್ಷದ ಇಮ್ಮಡಿಯಿಂದ ಭಾಗಿಸಿದರೆ ಆ ವೇಗಕ್ಕೆ ಸಮನಾದ ಎತ್ತರ ದೊರೆಯುತ್ತದೆ. ಉದಾಹರಣೆಗೆ, ಸೆಕೆಂಡಿಗೆ ೧.೫ ಮೀಟರ್ ವೇಗಕ್ಕೆ ಸಮನಾದ ಎತ್ತರ ಸುಮಾರು ೧೧.೫ ಸೆಂಟಿಮೀಟರ್. ಈ ವಿಧಾನದಲ್ಲಿ ವ್ಯಾಗನ್ನಿನ ತೂಕ ಲೆಕ್ಕದಿಂದ ಬಿಟ್ಟುಹೋಗುವುದೊಂದು ಅನುಕೂಲ.

ಘರ್ಷಣೆಯನ್ನೂ ಎತ್ತರದಲ್ಲಿಯೇ ಹೇಳಬಹುದು. ಒಂದು ಟನ್ ತೂಕವನ್ನು ಸಮನೆಲದಲ್ಲಿ ಉರುಳಿಸಿಕೊಂಡು ಹೋಗಲು ೨ ಕಿಲೊಗ್ರಾಂ ಬಲ ಬೇಕಾದರೆ ಆ ವ್ಯಾಗನ್ನಿನ ನಿರೋಧ ಸಾವಿರಕ್ಕೆ ೨ ಎನ್ನುತ್ತೇವೆ. ಸಾವಿರ ಮೀಟರಿಗೆ ೨ ಮೀಟರ್ ಇಳಿಯುವ ದಾರಿಯಲ್ಲಿ ಇಂಥ ವ್ಯಾಗನ್ ವೇಗವನ್ನು ಹೆಚ್ಚಿಸಿಕೊಳ್ಳದೆ, ಕಳೆದುಕೊಳ್ಳದೆ, ಹಾಗೆಯೇ ಸಾಗುತ್ತದೆ. ಅಂದರೆ ಪ್ರತಿ ಸಾವಿರ ಮೀಟರ್ ದೂರಕ್ಕೆ ೨ ಮೀಟರ್ ಎತ್ತರವನ್ನು ಘರ್ಷಣೆ ನುಂಗುತ್ತದೆ.

ಈಗ ಒಂದು ದಿಬ್ಬವನ್ನು ಕಲ್ಪಿಸಿಕೊಳ್ಳೋಣ. ಸಾಲಿನ ದೂರದ ತುದಿ ನೆತ್ತಿಯಿಂದ ೫೦೦ ಮೀಟರ್ ಅಂತರದಲ್ಲಿದೆ. ಯಾರ್ಡಿಗೆ ಬರುವ ವ್ಯಾಗನ್ನುಗಳಲ್ಲಿ ಅತ್ಯಂತ ಜಡವಾದುದರ ನಿರೋಧ ಸಾವಿರಕ್ಕೆ ೬. ಅದು ತುದಿಯನ್ನು ಮುಟ್ಟುವುದರೊಳಗೆ ೩ ಮೀಟರ್ ಎತ್ತರವನ್ನು ಕಳೆದುಕೊಳ್ಳುತ್ತದೆ. ಆದುದರಿಂದ ದಿಬ್ಬ ಕನಿಷ್ಠ ೩ ಮೀಟರ್ ಇರಲೇಬೇಕು. ಅದೇ ದಿಬ್ಬದಿಂದ ಸಾವಿರಕ್ಕೆ ೨ ನಿರೋಧವಿರುವ ಚುರುಕಾದ ವ್ಯಾಗನ್ ಇಳಿದರೆ ಅದು ಕಳೆದುಕೊಳ್ಳುವುದು ೧ ಮೀಟರ್ ಮಾತ್ರ. ಉಳಿದ ೨ ಮೀಟರ್ ಎತ್ತರ ವೇಗದ ರೂಪದಲ್ಲಿ ನಿಲ್ಲುತ್ತದೆ. ತುದಿಯಲ್ಲಿ ವೇಗ ಗಂಟೆಗೆ ೨೨ ಕಿಲೊಮೀಟರಿಗಿಂತ ಹೆಚ್ಚು. ಹಾನಿಯಿಲ್ಲದೆ ಕೂಡಿಕೊಳ್ಳಬೇಕಾದರೆ ವೇಗ ಗಂಟೆಗೆ ಐದಾರು ಕಿಲೊಮೀಟರಿಗೆ ಮೀರಬಾರದು. ಅದಕ್ಕೆ ಸಮನಾದ ಎತ್ತರ ಮೇಲೆ ಕಂಡಂತೆ ಗೇಣುದ್ದಕ್ಕಿಂತ ಕಡಿಮೆ. ಚುರುಕು ವ್ಯಾಗನ್ನಿನಲ್ಲಿ ಉಳಿದ ಶಕ್ತಿಯಾದರೋ ಅದರ ಹದಿನೇಳು ಪಟ್ಟು.

ಸಮಸ್ಯೆಯ ಮೂಲ ಇಲ್ಲಿದೆ. ದಿಬ್ಬವನ್ನು ಕಟ್ಟುವುದು ಅತ್ಯಂತ ಜಡವಾದ ವ್ಯಾಗನ್ನಿಗಾಗಿ. ಅದು ಕಾರಣ ಉಳಿದ ವ್ಯಾಗನ್ನುಗಳೆಲ್ಲ ಬೇಡದಷ್ಟು ಶಕ್ತಿಯನ್ನು ಹೊತ್ತು ಇಳಿಯುತ್ತವೆ. ಆ ಹೆಚ್ಚಿನ ಶಕ್ತಿಯನ್ನು, ಪ್ರತಿಯೊಂದರಿಂದಲೂ ಅದರದರ ಪಾಲಿಗೆ ತಕ್ಕಷ್ಟನ್ನೇ, ದಾರಿಯಲ್ಲಿ ಕಿತ್ತುಕೊಳ್ಳಬೇಕು.

೩. ಸ್ವಭಾವಭೇದಕ್ಕೆ ಕಾರಣಗಳು

ಒಂದೇ ಕಾರ್ಖಾನೆಯಲ್ಲಿ ತಯಾರಾದ ಎರಡು ವ್ಯಾಗನ್ನುಗಳು ಒಂದೇ ರೀತಿ ಏಕೆ ಉರುಳುವುದಿಲ್ಲ? ನಮ್ಮ ಎತ್ತಿನ ಗಾಡಿಯವನು ಇದಕ್ಕೆ ಅರ್ಧ ಉತ್ತರ ಹೇಳಬಲ್ಲ: ಕೀಲೆಣ್ಣೆ. ಹಳೆಯ ಮಾದರಿಯ ಬೇರಿಂಗುಗಳಲ್ಲಿ ಇರುಸು ಎಣ್ಣೆಯ ತೆಳು ಪದರದ ಮೇಲೆ ತಿರುಗುತ್ತದೆ. ಚಳಿಯಲ್ಲಿ ಬಹಳ ಹೊತ್ತು ನಿಂತ ವ್ಯಾಗನ್ನಿನಲ್ಲಿ ಎಣ್ಣೆ ಗಟ್ಟಿಯಾಗಿ ನಿರೋಧ ಹೆಚ್ಚುತ್ತದೆ; ದೂರದಿಂದ ಓಡಿ ಆಗತಾನೆ ಬಂದ ವ್ಯಾಗನ್ನಿನ ಎಣ್ಣೆ ಬಿಸಿಯಾಗಿದ್ದು ಗಾಲಿ ಸರಾಗವಾಗಿ ಉರುಳುತ್ತದೆ. ರೋಲರ್ ಬೇರಿಂಗುಗಳು ಬಂದ ಮೇಲೆ ಈ ಭೇದ ಬಹುಮಟ್ಟಿಗೆ ತಗ್ಗಿತಾದರೂ ಅಳಿಯಲಿಲ್ಲ.

ಉಳಿದರ್ಧ ಉತ್ತರ ಬೇರೆ ಕಡೆಯಿದೆ. ಖಾಲಿ ವ್ಯಾಗನ್ನಿನ ಮೈ ದೊಡ್ಡದು, ತೂಕ ಕಡಿಮೆ. ಎದುರುಗಾಳಿ ಬೀಸಿದರೆ ತೂಕಕ್ಕೆ ಹೋಲಿಸಿದಾಗ ಅದರ ನಿರೋಧ ತುಂಬಿದ ವ್ಯಾಗನ್ನಿಗಿಂತ ಎಷ್ಟೋ ಹೆಚ್ಚು. ಗಾಲಿಗಳು ಮುಂದಕ್ಕೆ ಸಾಗುವುದಲ್ಲದೆ ತಿರುಗಬೇಕಾಗಿಯೂ ಇರುವುದರಿಂದ ಒಂದಂಶ ಶಕ್ತಿ ಅದಕ್ಕೆ ಸಲ್ಲುತ್ತದೆ. ತುಂಬಿದ ವ್ಯಾಗನ್ನಿನಲ್ಲಿ ಇದು ಅಲ್ಪ, ಖಾಲಿಯಾದುದರಲ್ಲಿ ಗಮನಾರ್ಹ. ತಿರುವುಗಳಲ್ಲಿ ಗಾಲಿಯ ಅಂಚು ಕಂಬಿಗೆ ಉಜ್ಜುತ್ತದೆ. ಯಾರ್ಡಿನ ಅಂಚಿನ ಸಾಲುಗಳಿಗೆ ಹೋಗುವ ದಾರಿಯಲ್ಲಿ ತಿರುವು ಹೆಚ್ಚು, ನಡುವಿನ ಸಾಲುಗಳಿಗೆ ಕಡಿಮೆ. ಹೀಗೆ ನಿರೋಧವೆಂಬುದು ವ್ಯಾಗನ್ನಿನ ಮೇಲೆ ಅಚ್ಚೊತ್ತಿಡಬಹುದಾದ ಅಂಕೆಯಲ್ಲ. ದಿನ, ಗಂಟೆ, ಹೊರೆ, ಗಾಳಿ, ದಾರಿ ಎಲ್ಲವನ್ನೂ ಅವಲಂಬಿಸಿ ಅದು ಬದಲಾಗುತ್ತದೆ.

೪. ಅಂತರದ ಸಮಸ್ಯೆ

ಇನ್ನೊಂದು ತೊಡಕುಂಟು. ವ್ಯಾಗನ್ನಿನ ಉದ್ದ ೧೫ ಮೀಟರ್, ತಳ್ಳುವ ವೇಗ ಸೆಕೆಂಡಿಗೆ ೧.೨೫ ಮೀಟರ್ ಎಂದಿಟ್ಟುಕೊಂಡರೆ ಹನ್ನೆರಡು ಸೆಕೆಂಡಿಗೊಂದರಂತೆ ವ್ಯಾಗನ್ನುಗಳು ನೆತ್ತಿಯನ್ನು ದಾಟುತ್ತವೆ, ಗಂಟೆಗೆ ಮುನ್ನೂರು. ಒಂದು ವ್ಯಾಗನ್ ಪಾಯಿಂಟನ್ನು ಪೂರ್ತಿಯಾಗಿ ದಾಟಿದ ಮೇಲೆಯೇ ಮುಂದಿನದಕ್ಕಾಗಿ ಅದನ್ನು ತಿರುಗಿಸಬೇಕು. ಮುಂದೆ ಹೋದುದು ಜಡವಾದುದು, ಹಿಂದೆ ಬಂದುದು ಚುರುಕಾದುದು ಎನ್ನಿ. ನೆತ್ತಿಯಿಂದ ೩೦೦ ಮೀಟರ್ ದೂರದ ಪಾಯಿಂಟಿಗೆ ಮೊದಲನೆಯದು ೬೨ ಸೆಕೆಂಡಿನಲ್ಲಿಯೂ ಎರಡನೆಯದು ೫೨ ಸೆಕೆಂಡಿನಲ್ಲಿಯೂ ಬಂದರೆ ಹನ್ನೆರಡು ಸೆಕೆಂಡಿನ ಅಂತರದಲ್ಲಿ ಎರಡು ಮಾತ್ರ ಉಳಿಯುತ್ತದೆ. ಸೆಕೆಂಡಿಗೆ ೫ ಮೀಟರ್ ವೇಗದ ವ್ಯಾಗನ್ನಿಗೆ ತನ್ನ ಉದ್ದವನ್ನು ತಾನು ದಾಟಲು ಮೂರು ಸೆಕೆಂಡು ಬೇಕು. ಅಂದರೆ ಹಿಂದಿನದು ಆಗಲೇ ಮುಂದಿನದನ್ನು ಹಿಡಿದುಬಿಟ್ಟಿದೆ. ಎರಡೂ ಒಂದೇ ಸಾಲಿಗೆ ಹೋಗುತ್ತವೆ. ಅಥವಾ ಪಾಯಿಂಟ್ ಅಕಾಲದಲ್ಲಿ ತಿರುಗಿ ವ್ಯಾಗನ್ನಿನ ಮುಂಗಾಲಿಗಳು ಒಂದು ದಾರಿ, ಹಿಂಗಾಲಿಗಳು ಮತ್ತೊಂದು ದಾರಿ ಹಿಡಿದು ಹಳಿ ತಪ್ಪುತ್ತವೆ.

ಆದುದರಿಂದ ವೇಗನಿಯಂತ್ರಣದ ಕೆಲಸ ಎರಡು. ಕವಲುಗಳನ್ನು ದಾಟುವವರೆಗೆ ವ್ಯಾಗನ್ನುಗಳ ನಡುವೆ ಅಂತರವನ್ನು ಕಾಯುವುದು ಮೊದಲನೆಯದು. ಸಾಲನ್ನು ಸೇರಿದ ಬಳಿಕ ತಕ್ಕ ವೇಗದಲ್ಲಿ ಗುರಿಮುಟ್ಟಿಸುವುದು ಎರಡನೆಯದು.

೫. ಮನುಷ್ಯನೇ ಬ್ರೇಕಾಗಿದ್ದ ಕಾಲ

ಯಂತ್ರ ಬರುವ ಮೊದಲು ಈ ಎರಡು ಕೆಲಸಗಳನ್ನೂ ಮನುಷ್ಯರು ಮಾಡುತ್ತಿದ್ದರು. ಅಮೆರಿಕದಲ್ಲಿ ಇಳಿಯುವ ವ್ಯಾಗನ್ನಿನ ಮೇಲೆ ಒಬ್ಬ ಕೆಲಸಗಾರ ಏರಿ ನಿಂತು ಕೈಬ್ರೇಕಿನ ಚಕ್ರವನ್ನು ತಿರುಗಿಸುತ್ತ ಸಾಲಿನ ತುದಿಯವರೆಗೆ ಹೋಗುತ್ತಿದ್ದ. ಬ್ರಿಟನ್ನಿನಲ್ಲಿ ಶಂಟರ್ ಕೈಯಲ್ಲಿ ಗಟ್ಟಿಮರದ ದೊಣ್ಣೆ ಹಿಡಿದು ವ್ಯಾಗನ್ನಿನ ಪಕ್ಕದಲ್ಲಿ ಓಡುತ್ತ, ಅದರ ಬದಿಯ ಬ್ರೇಕಿನ ಸನ್ನೆಯನ್ನು ದೊಣ್ಣೆಯಿಂದ ಅದುಮುತ್ತಿದ್ದ. ಜರ್ಮನಿಯಲ್ಲಿ ಕಬ್ಬಿಣದ ಸ್ಕಿಡ್ಡನ್ನು ಕಂಬಿಯ ಮೇಲಿಡುವ ಪದ್ಧತಿ ಬೆಳೆಯಿತು: ಉರುಳಿ ಬಂದ ಗಾಲಿ ಅದರ ಮೇಲೇರಿ ಉರುಳುವುದನ್ನು ಬಿಟ್ಟು ಜಾರತೊಡಗುತ್ತದೆ, ಜಾರುವಾಗಿನ ಘರ್ಷಣೆ ವೇಗವನ್ನು ತಗ್ಗಿಸುತ್ತದೆ. ಇಳುಕಲಿನಲ್ಲಿ ಗಾಡಿಯ ಗಾಲಿಗೆ ಕಲ್ಲು ಕೊಡುವ ಉಪಾಯವೇ ಇದು. ಎಜ್ ಹಿಲ್ಲಿನಲ್ಲಿ ಕೈಮೀರಿ ಓಡಿದ ವ್ಯಾಗನ್ನಿಗಾಗಿ ಕಂಬಿಗಳ ನಡುವೆ ಭಾರವಾದ ಸರಪಣಿಯೊಂದನ್ನು ಇಟ್ಟಿದ್ದರು; ಅದರ ತುದಿಯ ಕೊಕ್ಕೆ ಇರುಸನ್ನು ಹಿಡಿದುಕೊಂಡರೆ ವ್ಯಾಗನ್ ಸರಪಣಿಯನ್ನು ಎಳೆಯುತ್ತ ದಣಿದು ನಿಲ್ಲುತ್ತಿತ್ತು.

ಕತ್ತಲೆಯಲ್ಲಿ, ಮಳೆಯಲ್ಲಿ, ಹಿಮದಲ್ಲಿ, ಹಳಿಗಳ ನಡುವೆ ಓಡುತ್ತ ಮಾಡಬೇಕಾದ ಕೆಲಸವಿದು. ಒದ್ದೆಯಾದ ಮೆಟ್ಟಿಲಿನಿಂದ ಜಾರಿದ ಕಾಲು, ಗಾಲಿ ಬರುವುದಕ್ಕೆ ಮೊದಲು ಸ್ಕಿಡ್ಡಿನಿಂದ ಹಿಂತೆಗೆಯದ ಕೈ, ಎರಡು ಬಫರುಗಳ ನಡುವೆ ಸಿಕ್ಕಿದ ದೇಹ, ಇವು ಅಂದಿನ ಯಾರ್ಡುಗಳಲ್ಲಿ ಅಪೂರ್ವವಾದ ಸಂಗತಿಗಳಾಗಿರಲಿಲ್ಲ. ವೇಗನಿಯಂತ್ರಣದ ಯಂತ್ರಗಳ ಚರಿತ್ರೆಯನ್ನು ಬರಿಯ ಮಿತವ್ಯಯದ ಚರಿತ್ರೆಯೆಂದು ಓದುವವರು ಇದನ್ನು ಮರೆಯಬಾರದು.

೬. ರಿಟಾರ್ಡರ್

ವ್ಯಾಗನ್ನಿನ ಮೇಲಿದ್ದ ಬ್ರೇಕನ್ನು ನೆಲಕ್ಕೆ ಇಳಿಸಿದುದು ಮುಂದಿನ ಹೆಜ್ಜೆ. ಅಮೆರಿಕದ ಇಂಡಿಯಾನಾ ಹಾರ್ಬರ್ ಬೆಲ್ಟ್ ರೈಲ್ವೆಯ ಗಿಬ್ಸನ್ ಯಾರ್ಡಿನಲ್ಲಿ ೧೯೨೪ರಲ್ಲಿ ಇಂಥ ಯಂತ್ರ ಕಾರ್ಯಾರಂಭ ಮಾಡಿತು. ಆ ರೈಲ್ವೆಯ ಅಧಿಕಾರಿ ಜಾರ್ಜ್ ಹ್ಯಾನವರ್ ಇದರ ಹಿಂದಿದ್ದ ಮುಖ್ಯ ಪುರುಷ. ಇದಕ್ಕೆ ರಿಟಾರ್ಡರ್, ಅಂದರೆ ವೇಗರೋಧಕ, ಎಂದು ಹೆಸರಾಯಿತು.

ಇದರ ರಚನೆ ಸರಳ. ಕಂಬಿಯ ಎರಡು ಪಕ್ಕಗಳಲ್ಲಿಯೂ ಅದಕ್ಕೆ ಸಮಾಂತರವಾಗಿ ಉದ್ದವಾದ ಉಕ್ಕಿನ ತೊಲೆಗಳಿವೆ. ಗಾಲಿ ಅವುಗಳ ನಡುವೆ ಬಂದಾಗ ಒತ್ತಿದ ಗಾಳಿ, ವಿದ್ಯುತ್ತು ಅಥವಾ ದ್ರವದ ಒತ್ತಡದಿಂದ ತೊಲೆಗಳು ಹತ್ತಿರ ಸರಿದು ಗಾಲಿಯ ಅಂಚನ್ನು ಇಕ್ಕುಳದಂತೆ ಹಿಡಿಯುತ್ತವೆ. ಗಾಲಿ ಉಜ್ಜಿಕೊಂಡು ಮುಂದೆ ಸಾಗುತ್ತದೆ, ಚಲನಶಕ್ತಿ ಶಾಖವಾಗುತ್ತದೆ. ಒಂದಂಶ ಶಬ್ದವೂ ಆಗುತ್ತದೆ: ರಿಟಾರ್ಡರಿನ ಕಿರಿಚುವ ತಾರಧ್ವನಿ ಯಾರ್ಡಿನ ನೆರೆಹೊರೆಯವರಿಗೆ ಚಿರಪರಿಚಿತ.

ಬಲವೆಷ್ಟು ಬೇಕು? ೩೦ ಮೀಟರ್ ಉದ್ದದ ರಿಟಾರ್ಡರ್ ೧ ಮೀಟರ್ ಎತ್ತರಕ್ಕೆ ಸಮನಾದ ಶಕ್ತಿಯನ್ನು ತೆಗೆಯಬೇಕಾದರೆ ತಡೆಯುವ ಬಲ ವ್ಯಾಗನ್ನಿನ ತೂಕದ ಮೂವತ್ತರಲ್ಲೊಂದು ಪಾಲಿರಬೇಕು. ೮೦ ಟನ್ನಿನ ವ್ಯಾಗನ್ನಿಗೆ ಇದು ಸುಮಾರು ೨.೭ ಟನ್, ೨೦ ಟನ್ನಿನ ಖಾಲಿ ವ್ಯಾಗನ್ನಿಗೆ ಅದರ ಕಾಲು ಭಾಗ. ಭಾರವಾದುದಕ್ಕೆ ಬೇಕಾದ ಬಿಗಿತವನ್ನು ಖಾಲಿ ವ್ಯಾಗನ್ನಿಗೆ ಕೊಟ್ಟರೆ ಅದು ಅಲ್ಲಿಯೇ ನಿಂತುಬಿಡಬಹುದು. ಗಾಲಿ ಇಕ್ಕುಳದಿಂದ ಮೇಲಕ್ಕೆ ಚಿಮ್ಮಿ ಹಳಿ ತಪ್ಪಲೂಬಹುದು. ಆದುದರಿಂದ ತೂಕವನ್ನು ಮೊದಲೇ ತಿಳಿದು ಒತ್ತಡವನ್ನು ಆರಿಸಬೇಕು. ಜರ್ಮನಿಯಲ್ಲಿ ೧೯೨೦ರ ದಶಕದಲ್ಲಿ ಬೆಳೆದ ಒಂದು ಮಾದರಿಯಲ್ಲಿ ವ್ಯಾಗನ್ನಿನ ತೂಕವೇ ಸನ್ನೆಗಳ ಮೂಲಕ ತೊಲೆಗಳನ್ನು ಬಿಗಿಯುವಂತೆ ಮಾಡಿ ಈ ತೊಡಕನ್ನು ಜಾಣತನದಿಂದ ಪರಿಹರಿಸಿದರು: ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಫ್ರೋಲಿಖ್ ಮಾದರಿಯೆಂಬ ಇಂಥ ರಿಟಾರ್ಡರುಗಳನ್ನು ಇಂಗ್ಲೆಂಡಿನ ವೈಟ್‌ಮೂರ್ ಯಾರ್ಡಿನಲ್ಲಿ ೧೯೨೯ರಲ್ಲಿ ಅಳವಡಿಸಿದರು. ಬ್ರಿಟನ್ನಿಗೆ ಅವೇ ಮೊದಲನೆಯವು. ೧೯೩೩ರಲ್ಲಿ ಅಲ್ಲಿಯೇ ವಿದ್ಯುತ್ಕಾಂತವನ್ನು ಬಳಸಿ, ಗಾಲಿಯ ಲೋಹದಲ್ಲಿ ಸುಳಿಪ್ರವಾಹಗಳನ್ನು ಹುಟ್ಟಿಸಿ ತಡೆಯುವ ಬಗೆಯನ್ನೂ ಬಳಕೆಗೆ ತಂದರು.

ಇಕ್ಕುಳದ ಮಾದರಿಗೆ ಒಂದು ಸಹಜ ದೌರ್ಬಲ್ಯವುಂಟು. ಗಾಲಿಯ ಅಂಚಿಗೆ ಎಣ್ಣೆಯೋ ಜಿಡ್ಡೋ ಮೆತ್ತಿದ್ದರೆ ಘರ್ಷಣೆ ತಗ್ಗಿ ವ್ಯಾಗನ್ ಹಿಡಿತದಿಂದ ನುಣುಚಿಕೊಂಡು ಹೋಗುತ್ತದೆ.

೭. ಎಷ್ಟು ತಡೆಯಬೇಕು?

ತಡೆಯುವ ಬಲ ದೊರೆಯಿತು. ಆದರೆ ಎಷ್ಟು ತಡೆಯಬೇಕೆಂಬ ಪ್ರಶ್ನೆ ಹಾಗೆಯೇ ಉಳಿಯಿತು. ಮೊದಮೊದಲು ಇದನ್ನು ನಿರ್ಧರಿಸುತ್ತಿದ್ದುದು ಎತ್ತರದ ಗೋಪುರದಲ್ಲಿ ಕುಳಿತ ನೌಕರನ ಕಣ್ಣು. ಇಳಿಯುವ ವ್ಯಾಗನ್ನನ್ನು ನೋಡಿ, ಅದರ ಸರಕಿನ ಪಟ್ಟಿಯನ್ನು ನೋಡಿ, ಅವನು ಸನ್ನೆಯನ್ನು ಸರಿಸುತ್ತಿದ್ದ. ಅನುಭವಿಯಾದವನ ಕೈ ಆಶ್ಚರ್ಯಕರವಾಗಿ ನಿಖರವಾಗಿರುತ್ತಿತ್ತು. ಆದರೆ ಮಂಜು ಕವಿದ ರಾತ್ರಿಯಲ್ಲಿ, ಪಾಳಿಯ ಕಡೆಯ ಗಂಟೆಯಲ್ಲಿ, ಕಣ್ಣಿಗೂ ಮಿತಿಯುಂಟು.

ಈ ನಿರ್ಧಾರ ಎಷ್ಟು ಸೂಕ್ಷ್ಮವಾದುದೆಂಬುದನ್ನು ಒಂದು ಲೆಕ್ಕದಿಂದ ತೋರಿಸಬಹುದು. ವ್ಯಾಗನ್ ಕಡೆಯ ರಿಟಾರ್ಡರನ್ನು ಬಿಟ್ಟ ಮೇಲೆ ೩೦೦ ಮೀಟರ್ ಸಾಗಬೇಕಾಗಿದೆ. ದಾರಿ ಸಾವಿರಕ್ಕೆ ೧ರಂತೆ ಇಳಿಜಾರಾಗಿದೆ. ವ್ಯಾಗನ್ನಿನ ನಿರೋಧ ಸಾವಿರಕ್ಕೆ ೩ ಎಂದು ಅಂದಾಜು. ನಿವ್ವಳ ನಷ್ಟ ಸಾವಿರಕ್ಕೆ ೨. ೩೦೦ ಮೀಟರಿಗೆ ೬೦ ಸೆಂಟಿಮೀಟರ್. ಗುರಿಯಲ್ಲಿ ಸೆಕೆಂಡಿಗೆ ೧.೫ ಮೀಟರ್ ವೇಗ ಉಳಿಯಬೇಕಾದರೆ ಅದರ ೧೧.೫ ಸೆಂಟಿಮೀಟರನ್ನು ಕೂಡಿಸಿ, ಒಟ್ಟು ೭೧.೫ ಸೆಂಟಿಮೀಟರ್ ಎತ್ತರಕ್ಕೆ ಸಮನಾದ ವೇಗದಲ್ಲಿ, ಅಂದರೆ ಸೆಕೆಂಡಿಗೆ ೩.೭ ಮೀಟರಿನಂತೆ, ಅದನ್ನು ಬಿಡಬೇಕು.

ಅಂದಾಜು ಸಾವಿರಕ್ಕೆ ಒಂದರಷ್ಟು ತಪ್ಪಿತೆನ್ನಿ. ನಿಜವಾದ ನಿರೋಧ ೨ ಆಗಿದ್ದರೆ ಗುರಿಯಲ್ಲಿ ೪೧.೫ ಸೆಂಟಿಮೀಟರ್ ಉಳಿಯುತ್ತದೆ. ವ್ಯಾಗನ್ ಸೆಕೆಂಡಿಗೆ ೨.೮ ಮೀಟರಿಗಿಂತ ಹೆಚ್ಚಿನ ವೇಗದಲ್ಲಿ, ಉದ್ದೇಶಿಸಿದುದರ ಮೂರೂವರೆ ಪಟ್ಟಿಗೂ ಮೀರಿದ ಶಕ್ತಿಯಿಂದ, ಮುಂದಿನದಕ್ಕೆ ಅಪ್ಪಳಿಸುತ್ತದೆ. ನಿಜವಾದ ನಿರೋಧ ೪ ಆಗಿದ್ದರೆ ವ್ಯಾಗನ್ ಗುರಿಯನ್ನೇ ಮುಟ್ಟದೆ ಸುಮಾರು ೬೦ ಮೀಟರ್ ಹಿಂದೆಯೇ ನಿಂತುಬಿಡುತ್ತದೆ. ಒಂದು ಟನ್ನಿಗೆ ಒಂದು ಕಿಲೊಗ್ರಾಂ ಬಲದ ವ್ಯತ್ಯಾಸ ಎರಡು ವಿರುದ್ಧ ಅನರ್ಥಗಳಿಗೆ ಕಾರಣವಾಗುತ್ತದೆ. ಆದುದರಿಂದ ಯಾರ್ಡಿನ ನಿಜವಾದ ಕಷ್ಟವಿರುವುದು ಬಲದಲ್ಲಿ ಅಲ್ಲ, ಮುಂದಾಗಿ ತಿಳಿಯುವುದರಲ್ಲಿ.

೧೯೫೦ರ ದಶಕದಲ್ಲಿ ಅಮೆರಿಕದ ಯಾರ್ಡುಗಳು ಈ ತಿಳಿವಳಿಕೆಯನ್ನು ಯಂತ್ರಗಳಿಗೆ ವಹಿಸತೊಡಗಿದವು. ದಿಬ್ಬದ ಇಳಿಜಾರಿನಲ್ಲಿ ವ್ಯಾಗನ್ನಿನ ತೂಕವನ್ನು ಅಳೆಯುತ್ತಾರೆ. ಓಟವಿರುವಂತೆಯೇ ಅದರ ವೇಗವನ್ನು ರೇಡಾರ್ ಅಳೆಯುತ್ತದೆ. ಬರುತ್ತಿರುವ ರೈಲಿನ ಸಿಳ್ಳಿನ ಸ್ಥಾಯಿ ಏರಿದಂತೆ ಕೇಳಿಸುವ ಡಾಪ್ಲರ್ ಪರಿಣಾಮವೇ ಇಲ್ಲಿಯೂ ತತ್ತ್ವ: ೩ ಸೆಂಟಿಮೀಟರ್ ಉದ್ದದ ಅಲೆಯನ್ನು ಕಳುಹಿಸಿದರೆ, ಸೆಕೆಂಡಿಗೆ ೫ ಮೀಟರ್ ವೇಗದ ವ್ಯಾಗನ್ನಿನಿಂದ ಹಿಂದಿರುಗಿದ ಅಲೆಯ ಆವೃತ್ತಿ ಸೆಕೆಂಡಿಗೆ ಸುಮಾರು ೩೩೩ರಷ್ಟು ಭಿನ್ನವಾಗಿರುತ್ತದೆ. ಇಳಿಜಾರು ಗೊತ್ತಿರುವ ದಾರಿಯ ಒಂದು ತುಂಡಿನ ಎರಡು ತುದಿಗಳಲ್ಲಿ ವೇಗವನ್ನು ಅಳೆದರೆ ಉತ್ಕರ್ಷ ತಿಳಿಯುತ್ತದೆ. ಇಳಿಜಾರಿನಿಂದ ಬರಬೇಕಾಗಿದ್ದ ಉತ್ಕರ್ಷಕ್ಕೂ ಇದಕ್ಕೂ ಇರುವ ಅಂತರವೇ ನಿರೋಧ. ಸಾಲಿನಲ್ಲಿ ಎಷ್ಟು ದೂರ ಖಾಲಿಯಿದೆಯೆಂಬುದನ್ನು ಕಂಬಿಗಳಲ್ಲಿ ಹರಿಸಿದ ವಿದ್ಯುತ್ತಿನಿಂದಾಗಲಿ, ಒಳಹೊಕ್ಕ ಗಾಲಿಗಳ ಎಣಿಕೆಯಿಂದಾಗಲಿ ತಿಳಿಯುತ್ತಾರೆ. ಇವನ್ನೆಲ್ಲ ಕೂಡಿಸಿ ಗಣಕಯಂತ್ರ ಬಿಡುವ ವೇಗವನ್ನು ನಿರ್ಧರಿಸುತ್ತದೆ. ವ್ಯಾಗನ್ ರಿಟಾರ್ಡರಿನೊಳಗಿರುವಾಗ ರೇಡಾರ್ ನೋಡುತ್ತಲೇ ಇದ್ದು, ಗೊತ್ತಾದ ವೇಗಕ್ಕೆ ಇಳಿದ ಕ್ಷಣವೇ ತೊಲೆಗಳು ಬಿಚ್ಚಿಕೊಳ್ಳುತ್ತವೆ.

ರಿಟಾರ್ಡರುಗಳನ್ನು ಸಾಮಾನ್ಯವಾಗಿ ಎರಡು ಹಂತಗಳಲ್ಲಿ ಇಡುತ್ತಾರೆ. ದಿಬ್ಬದ ಬುಡದಲ್ಲಿರುವ ಮುಖ್ಯ ರಿಟಾರ್ಡರ್ ಅಂತರವನ್ನು ಕಾಯುತ್ತದೆ. ಕವಲುಗಳಾಚೆ, ಕೆಲವು ಸಾಲುಗಳ ಗುಂಪಿಗೊಂದರಂತೆ ಇರುವ ರಿಟಾರ್ಡರುಗಳು ಗುರಿಯ ವೇಗವನ್ನು ನಿರ್ಧರಿಸುತ್ತವೆ. ಅಂತರ ಮತ್ತು ಗುರಿ ಎಂಬ ಎರಡು ಕೆಲಸಗಳಿಗೆ ಎರಡು ಹಂತಗಳು ಹೀಗೆ ಹೊಂದಿಕೊಳ್ಳುತ್ತವೆ. ಪ್ರತಿಯೊಂದು ಸಾಲಿನ ಮೊದಲಲ್ಲಿ ಮೂರನೆಯ ಹಂತವನ್ನು ಇಟ್ಟ ಯಾರ್ಡುಗಳೂ ಉಂಟು.

೮. ಮುನ್ನರಿವಿಲ್ಲದ ತಡೆ

ಮುಂದಾಗಿ ತಿಳಿಯುವುದು ಇಷ್ಟು ಕಷ್ಟವಾದರೆ, ತಿಳಿಯುವ ಅಗತ್ಯವೇ ಇಲ್ಲದಂತೆ ಮಾಡಬಾರದೇಕೆ? ಬ್ರಿಟನ್ನಿನ ಡೌಟಿ ಸಂಸ್ಥೆ ಕಂಡುಹಿಡಿದ ಉಪಕರಣ ಈ ಪ್ರಶ್ನೆಗೆ ಉತ್ತರ. ಒಂದೆರಡು ದೊಡ್ಡ ರಿಟಾರ್ಡರುಗಳಿಗೆ ಬದಲಾಗಿ ಸಾಲಿನ ಉದ್ದಕ್ಕೂ ಕಂಬಿಯ ಒಳಪಕ್ಕದಲ್ಲಿ ನೂರಾರು ಚಿಕ್ಕ ಸಿಲಿಂಡರುಗಳನ್ನು ಕೂಡಿಸುತ್ತಾರೆ. ಹಾದುಹೋಗುವ ಗಾಲಿಯ ಅಂಚು ಸಿಲಿಂಡರಿನ ತಲೆಯನ್ನು ಕೆಳಕ್ಕೆ ಒತ್ತುತ್ತದೆ. ಒಳಗೆ ಎಣ್ಣೆ, ಎಣ್ಣೆಯ ದಾರಿಯಲ್ಲೊಂದು ಕವಾಟ. ಗಾಲಿ ನಿಧಾನವಾಗಿ ಬಂದರೆ ಕವಾಟ ತೆರೆದಿದ್ದು ಎಣ್ಣೆ ಸರಾಗವಾಗಿ ಹರಿಯುತ್ತದೆ, ತಡೆಯಿಲ್ಲವೆಂದೇ ಹೇಳಬಹ್ಹುದು. ಗೊತ್ತುಮಾಡಿದ ವೇಗವನ್ನು ಮೀರಿ ಬಂದರೆ ಎಣ್ಣೆಯ ರಭಸಕ್ಕೆ ಆ ಕವಾಟ ಮುಚ್ಚಿಕೊಳ್ಳುತ್ತದೆ. ಆಗ ಎಣ್ಣೆ ಹೆಚ್ಚಿನ ಒತ್ತಡದಲ್ಲಿ ಇಕ್ಕಟ್ಟಾದ ಮತ್ತೊಂದು ದಾರಿಯಿಂದ ನುಗ್ಗಬೇಕಾಗಿ, ಗಾಲಿಯ ಶಕ್ತಿಯಲ್ಲಿ ಒಂದು ಪಾಲು ಶಾಖವಾಗುತ್ತದೆ.

ಈ ಸಿಲಿಂಡರಿಗೆ ವ್ಯಾಗನ್ನಿನ ತೂಕ ಗೊತ್ತಿಲ್ಲ, ನಿರೋಧ ಗೊತ್ತಿಲ್ಲ, ಅದು ಎಲ್ಲಿಗೆ ಹೋಗುವುದೆಂದೂ ಗೊತ್ತಿಲ್ಲ. ಹೊರಗಿನ ವಿದ್ಯುತ್ತಾಗಲಿ ಗಣಕಯಂತ್ರವಾಗಲಿ ಅದಕ್ಕೆ ಬೇಡ. ತನ್ನ ಮೇಲೆ ಹಾಯುವ ಗಾಲಿ ಈ ಕ್ಷಣದಲ್ಲಿ ವೇಗವಾಗಿದೆಯೇ ಇಲ್ಲವೇ ಎಂಬ ಒಂದನ್ನೇ ಅದು ಕೇಳುತ್ತದೆ. ಒಂದೊಂದೂ ತೆಗೆದುಕೊಳ್ಳುವ ಶಕ್ತಿ ಅಲ್ಪ. ಆದುದರಿಂದ ಅವುಗಳ ಸಂಖ್ಯೆ ಅಪಾರವಾಗಿರಬೇಕು. ಷೆಫೀಲ್ಡ್ ಬಳಿ ೧೯೬೫ರಲ್ಲಿ ತೆರೆದ ಟಿನ್ಸ್ಲಿ ಯಾರ್ಡಿನಲ್ಲಿ ಇವು ಇಪ್ಪತ್ತು ಸಾವಿರಕ್ಕೂ ಹೆಚ್ಚಿದ್ದವು. ಅಲ್ಲಿ ಕೆಲವು ಸಿಲಿಂಡರುಗಳು ತಡೆಯುವುದಲ್ಲದೆ, ನಿಧಾನವಾದ ವ್ಯಾಗನ್ನನ್ನು ಮುಂದಕ್ಕೆ ನೂಕುವಂತೆಯೂ ಇದ್ದವು. ಅಷ್ಟು ಉಪಕರಣಗಳ ಪೋಷಣೆ ದುಬಾರಿಯಾದ ಕೆಲಸ. ಆದರೂ ತತ್ತ್ವ ಬಾಳಿತು: ಚೀನಾದೇಶದ ಯಾರ್ಡುಗಳಲ್ಲಿ ಈ ಬಗೆಯ ಸಿಲಿಂಡರುಗಳು ವ್ಯಾಪಕವಾಗಿ ಬಳಕೆಗೆ ಬಂದಿವೆ.

೯. ಇಂದಿನ ಸ್ಥಿತಿ

ಟಿನ್ಸ್ಲಿಯ ದಿಬ್ಬ ಎರಡು ದಶಕ ಮಾತ್ರ ನಡೆದು ೧೯೮೪ರಲ್ಲಿ ನಿಂತಿತು. ವೈಟ್‌ಮೂರ್ ಯಾರ್ಡಿನ ನೆಲದ ಒಂದು ಭಾಗದಲ್ಲಿ ೧೯೯೧ರಲ್ಲಿ ಸೆರೆಮನೆ ತೆರೆಯಿತು. ಇದು ಯಂತ್ರಗಳ ಸೋಲಲ್ಲ. ಬ್ರಿಟನ್ನಿನಲ್ಲಿ ೧೯೫೫ರ ನವೀಕರಣ ಯೋಜನೆಯ ಬಳಿಕ ದೊಡ್ಡ ಯಾರ್ಡುಗಳನ್ನು ಕಟ್ಟುತ್ತಿರುವಾಗಲೇ ಬಿಡಿ ವ್ಯಾಗನ್ನುಗಳ ಸರಕು ಲಾರಿಗಳ ಪಾಲಾಗುತ್ತಿತ್ತು. ವಿಂಗಡಿಸುವ ಕೌಶಲ ಪರಿಪೂರ್ಣವಾಗುವ ಹೊತ್ತಿಗೆ ವಿಂಗಡಿಸಬೇಕಾದ ವಸ್ತುವೇ ಕಡಿಮೆಯಾಯಿತು.

ಭಾರತದಲ್ಲಿಯೂ ಮೊಘಲ್‌ಸರಾಯ್, ಆಂಡಾಲ್, ಬಂಡಾಮುಂಡ ಮೊದಲಾದ ಕಡೆ ದಿಬ್ಬದ ಯಾರ್ಡುಗಳು ಏರ್ಪಟ್ಟಿದ್ದವು. ಇವುಗಳಲ್ಲಿ ಮೊಘಲ್‌ಸರಾಯ್ ಅತ್ಯಂತ ಪ್ರಸಿದ್ಧವಾದುದು. ಆ ನಿಲ್ದಾಣಕ್ಕೆ ೨೦೧೮ರಲ್ಲಿ ದೀನ್ ದಯಾಳ್ ಉಪಾಧ್ಯಾಯರ ಹೆಸರನ್ನಿಟ್ಟರು. ೧೯೮೦ರ ದಶಕದ ಆದಿಭಾಗದಿಂದ ಭಾರತೀಯ ರೈಲ್ವೆ ಇಡೀ ರೈಲನ್ನು ಒಂದೇ ಗುರಿಗೆ ಓಡಿಸುವ ನೀತಿಯನ್ನು ಕೈಗೊಂಡಿತು. ಕಲ್ಲಿದ್ದಲು, ಅದಿರು, ಸಿಮೆಂಟು, ಆಹಾರಧಾನ್ಯ ಇವು ಯಾರ್ಡನ್ನು ಹೊಗದೆ ನೇರವಾಗಿ ಸಾಗತೊಡಗಿದ ಮೇಲೆ ವಿಂಗಡಣೆಯ ಅಗತ್ಯ ಬಹಳ ಮಟ್ಟಿಗೆ ಇಲ್ಲವಾಯಿತು. ಅಮೆರಿಕದಲ್ಲಿಯೂ ೨೦೧೭ರಿಂದೀಚೆಗೆ ಕೆಲವು ರೈಲ್ವೆಗಳು ಹಲವು ದಿಬ್ಬಗಳನ್ನು ಮುಚ್ಚಿದವು. ಆದರೆ ಬಿಡಿ ವ್ಯಾಗನ್ನಿನ ವ್ಯಾಪಾರ ಉಳಿದಿರುವ ಕಡೆ, ಬೇಲಿ ಯಾರ್ಡಿನಲ್ಲಿಯೂ ಮಾಶೆನ್ನಿನಲ್ಲಿಯೂ, ವ್ಯಾಗನ್ನುಗಳು ಇಂದಿಗೂ ದಿಬ್ಬದಿಂದ ಉರುಳುತ್ತಿವೆ.

ಈ ವಿಷಯವನ್ನು ತರಗತಿಯಲ್ಲಿ ತೋರಿಸಬಯಸುವ ಅಧ್ಯಾಪಕರಿಗೆ ದೊಡ್ಡ ಸಾಮಗ್ರಿ ಬೇಕಿಲ್ಲ. ಪ್ರಯೋಗಶಾಲೆಯ ಇಳಿಜಾರು ಹಲಗೆ, ಅದರ ಮುಂದೆ ಉದ್ದವಾದ ಸಮತಲ, ಇರುಸಿಗೆ ಎಣ್ಣೆ ಹಾಕಿದ ಒಂದು ಪುಟ್ಟ ಬಂಡಿ, ಹಾಕದ ಮತ್ತೊಂದು, ಇಷ್ಟಿದ್ದರೆ ಸಾಕು. ಎಣ್ಣೆಯಿಲ್ಲದ ಬಂಡಿ ಸಮತಲದ ತುದಿಯನ್ನು ಮುಟ್ಟುವಂತೆ ಹಲಗೆಯನ್ನು ಎತ್ತರಿಸಿ, ಬಳಿಕ ಅದೇ ಎತ್ತರದಿಂದ ಎಣ್ಣೆ ಹಾಕಿದುದನ್ನು ಬಿಡಬೇಕು. ಅದು ತುದಿಯನ್ನು ಬಡಿಯುವ ಸದ್ದನ್ನು ಕೇಳಿದ ವಿದ್ಯಾರ್ಥಿಗೆ ಯಾರ್ಡಿನ ಸಮಸ್ಯೆ ಅರ್ಥವಾಗುತ್ತದೆ. ಶಕ್ತಿಯ ನಿತ್ಯತೆಯ ನಿಯಮ ಎಲ್ಲ ವ್ಯಾಗನ್ನುಗಳಿಗೂ ಒಂದೇ. ಆದರೆ ಪ್ರತಿಯೊಂದು ವ್ಯಾಗನ್ನಿನ ಲೆಕ್ಕವನ್ನೂ ಬೇರೆಯಾಗಿಯೇ ಮಾಡಬೇಕು. ಹಿಂದೆ ಈ ಲೆಕ್ಕದ ತಪ್ಪಿಗೆ ಹಳಿಗಳ ನಡುವೆ ಓಡುತ್ತಿದ್ದ ಮನುಷ್ಯ ತನ್ನ ಕೈಕಾಲುಗಳನ್ನು ತೆರುತ್ತಿದ್ದ. ಇಂದು ಆ ಲೆಕ್ಕವನ್ನು ರೇಡಾರೂ ಗಣಕವೂ ಎಣ್ಣೆಯ ಸಿಲಿಂಡರೂ ಹೊತ್ತಿವೆ.